ಮೂಲ್ಯಾಗಿನ ತಾರೀಖು

ಐದು ಕತಿ ಸೇರಿಸಿ ಒಂದು ದೆವ್ವದ ಸಿನೆಮಾ ಮಾಡೀವಿ,
ನೋಡಿ ಖರೇ ಹೇಳ್ರಿ ಕಾಕಾ ಅಂತ
ಅಂಬಾರಾಯ ಪೆನ್‌ಡ್ರೈವ್ ತಂದು ಕೌಂಟರಿನ ಮ್ಯಾಲಿಟ್ಟ.
ಕಲಬುರಗಿ ಶಹಾಬಜಾರದಾಗ ನನ್ನ ಅಂಗಡಿ.
ಹಳೇ ಮದುವಿ ಕ್ಯಾಸೆಟ್ಟಿನ ಬೂಸರು ಒರಸಿ
ಕಂಪ್ಯೂಟರಿಗೆ ಇಳಿಸೋದು ಈಗಿನ ದಂಧೆ.
ಮೂವತ್ತು ವರ್ಷ ಕ್ಯಾಮೆರಾ ಹೊತ್ತೀನಿ,
ಬಲಗಡಿ ಭುಜ ಇನ್ನೂ ಒಂದೀಟು ಕೆಳಗೇ ಅದ.

ಶಟರ್ ಅರ್ಧ ಇಳಿಸಿ, ಕೂಲರಿಗೆ ನೀರು ಹೊಯ್ದು ಕೂತೆ.

ಗುಜರಿಯವ ಒಬ್ಬ ಟ್ರಂಕ್ ತೆಗೀತಾನ,
ಒಳಗ ಐದು ಕ್ಯಾಸೆಟ್. ಒಂದೊಂದೇ ಹಾಕಿ ನೋಡ್ತಾನ.
ಮೊದಲನೇದು ಮುಗಿಯೂದ್ರಾಗ ಬೆವತು ನೀರಾದವ
ಎರಡನೇದು ಯಾಕ ಹಾಕ್ತಾನೋ ಅಂತ ಫೋನ್ ಮಾಡಿ ಕೇಳಿದ್ರ
‘ಇಲ್ಲಾಂದ್ರ ಸಿನೆಮಾ ಮುಂದ ಹ್ಯಾಂಗ ಹೋಗಬೇಕು ಕಾಕಾ?’
ಅದು ಉತ್ತರ ಅಲ್ಲ. ಆದ್ರ ಖರೇ.

ಮೊದಲನೇದು ಛಲೋ ಅದ.
ಕೋಟೆ ಖಂದಕದ ದಂಡಿಗೆ ಮೊಬೈಲು ಆನಿಸಿಟ್ಟು
ಒಬ್ಬಾಕಿ ಬಟ್ಟಿ ತೊಳೀತಾಳ, ಆರು ಮಿನಿಟು, ಅಷ್ಟೇ.
ಹಿಂದ ಜಾಲಿ ಗಿಡ.
ಎಣಿಸಿದೆ: ಮೊದಲಿಗೆ ಮೂರು, ಕಡೀಕ ನಾಕು.
ಸಂಗೀತಿಲ್ಲ, ಚೀರಾಟಿಲ್ಲ.
ಕೂಲರ್ ಬಂದ್ ಮಾಡಿ ಮತ್ತೊಮ್ಮೆ ನೋಡಿದೆ,
ಹೊರಗ ನಲವತ್ಮೂರು ಡಿಗ್ರಿ, ನನ್ನ ಕೈ ತಣ್ಣಗ.

ಎರಡನೇದರಾಗ ದೆವ್ವ ಎದುರಿಗೇ ಬಂತು.
ಮೇಕಪ್ಪಿನ ಮಶಾಕಸಾಬನ ಕೈ ಅದು, ಗುರ್ತ ಹಿಡದೆ,
ಮದುಮಕ್ಕಳ ಗಲ್ಲಕ್ಕ ಹಚ್ಚೋ ಅದೇ ಗುಲಾಬಿ.
ಕಾಣೋತನಕ ದೆವ್ವ,
ಕಂಡಮ್ಯಾಲ ನಮ್ಮ ಓಣಿ ಹುಡುಗ.

ಮೂರನೇದಕ್ಕ ನಿದ್ದಿ ಬಂತು.
ಬರೇ ಉಸಿರು, ಬರೇ ಕತ್ತಲು,
ನೆಲ, ಚಪ್ಪಲಿ, ಮತ್ತ ನೆಲ.

ಬಿಡಿ ಬಿಡಿ ಕತಿಗೆ ಒಂದು ಅನುಕೂಲ ಅದ,
ಹಳಸಿದ್ದು ಬದೀಗಿ ಸರಿಸಿ ಮುಂದಿನದಕ್ಕ ಕೈ ಹಾಕಬಹುದು.
ಆದ್ರ ಹದಿನೈದು ಮಿನಿಟಿನ್ಯಾಗ ಸಾಯೋರ ಹೆಸರು
ಯಾರ ಬಾಯಾಗೂ ಉಳಿಯಂಗಿಲ್ಲ.

ನಾಕನೇದರಾಗ ಹುಡುಗ ಓಡ್ಲತ್ತಾನ,
ಹಿಂದ ಏನೋ ಬರ್ಲತ್ತದ, ಕ್ಯಾಮೆರಾ ಬಿಡವಲ್ಲ.
ಖಾಲಿ ಅಂಗಡ್ಯಾಗ ಒಬ್ಬನೇ ನಕ್ಕೆ:
ಹುಚ್ಚಪ್ಪಾ, ಅದನ್ನ ಒಗದು ಓಡೋ!
ಬಾರಾತಿನ ಪಟಾಕಿ ಕಿಡಿ ತೋಳಿಗೆ ಬಿದ್ದಾಗ
ನಾ ಸೈತ ಬಿಟ್ಟಿರಲಿಲ್ಲ, ಹೌದು.
ಅದು ಬಾಡಿಗಿ ಕ್ಯಾಮೆರಾ ಇತ್ತು.

ಐದನೇದಕ್ಕ ಕರೆಂಟ್ ಹ್ವಾತು.

ಕರೆಂಟಿನ ಜೋಡಿಗೇ ಜಗದೇವಿ ಬಂದಳು,
ಹ್ವಾದ ವಾರ ಕ್ಯಾಸೆಟ್ ಕೊಟ್ಟು ಹೋದಾಕಿ.
ತೊಂಬತ್ತೇಳರ ಮದುವಿ, ಶೂಟಿಂಗ್ ನಂದೇ.
‘ಊಟದ ಪಂಕ್ತಿತನಕ ಓಡಸ್ರಿ... ಹಾಂ, ನಿಂದರಸ್ರಿ.’

ಕಂಬದ ಬದೀಗಿ ಒಂದು ಹುಡುಗಿ,
ಎಡಗೈಯಾಗ ಮುರದ ಹೋಳಗಿ, ಎಣ್ಣಿ ಹಚ್ಚಿದ ಎರಡು ಜಡಿ.
ಸೀದಾ ನನ್ನ ಕಡೀಗೇ ನೋಡಿ ಬಾಯಿ ತೆಗೀತಾಳ,
ಅಷ್ಟೊತ್ತಿಗೆ ಚಿತ್ರ ಸರೀತದ
ರುಮಾಲು ಸರಿ ಮಾಡ್ಕೊಳ್ಳೋ ಬೀಗರ ಕಡೀಗೆ.

‘ನಮ್ಮ ತಂಗಿ ರೀ. ಫೋಟೊ ಒಂದೂ ಉಳಿದಿಲ್ಲ.
ಆಕೀದು ಇಷ್ಟೇ ಅದ.’

ನಾಕು ಸೆಕೆಂಡು. ಏಳು ಸಲ ಓಡಸಿದೆ.
ಬ್ಯಾಂಡಿನ ಗದ್ದಲ, ಮಾತು ಕೇಳಸಲಿಲ್ಲ.
ಮೂಲ್ಯಾಗಿನ ತಾರೀಖು ಸೈತ ಸುಳ್ಳು,
ಒಂದು, ಒಂದು, ತೊಂಬತ್ತು.
ಹೊಂದಿಸೋದು ಮರತಿದ್ದೆ.

‘ಒಂದೀಟು ತಡೀಬೇಕಿತ್ತು ರೀ ನೀವು,’ ಅಂದಳು.
ಸಿಟ್ಟಿರಲಿಲ್ಲ ಮಾತಿನ್ಯಾಗ.
ಬೀಗರು ಹೇಳಿದ್ದರು, ಹಿರೇರ ಮುಖ ಒಂದೂ ತಪ್ಪಬಾರದು ಅಂತ.
ಹೇಳಲಿಲ್ಲ ನಾ ಅದನ್ನ.
ರೊಕ್ಕ ತಗೊಳ್ಳಲಿಲ್ಲ, ಬ್ಯಾಡಂದ್ರೂ ಇಟ್ಟು ಹ್ವಾದಳು.

ಸಂಜೀಕ ಅಂಬಾರಾಯ ಬಂದ.
‘ಹ್ಯಾಂಗದ ಕಾಕಾ?’
ಮೊದಲನೇದಕ್ಕ ಕೈ ಹಚ್ಚಬ್ಯಾಡ, ಅಂದೆ.
ಗುಲಾಬಿ ದೆವ್ವ ತಗದು ಹಾಕು. ಮೂರನೇದು ಅರ್ಧ ಕತ್ತರಿಸು.

‘ಮತ್ತ ನಾಕನೇದು? ಎಲ್ಲಾರೂ ನಗ್ತಾರ್ರೀ,
ಕ್ಯಾಮೆರಾ ಒಗದು ಓಡಿಸ್ಲೇನು ಆ ಹುಡುಗನ್ನ?’

ಬ್ಯಾಡೋ,
ಹಿಡಕೊಂಡೇ ಓಡ್ಲಿ.